ಒಟಿಪಿ ಕಾಯುವ ಹೊತ್ತಿನಲ್ಲಿ ಕೈ ಎಲ್ಲಿಗೆ ಹೋಗುತ್ತದೆ: ನಾಲ್ಕು ತಡೆಗಳನ್ನು ಬಳಸಿ ನೋಡಿದೆ

ಚಿಕ್ಕಮಗಳೂರಿನ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಆಫೀಸು. ಅಂಗಡಿಗಳ, ಹೋಂಸ್ಟೇಗಳ ಜಿಎಸ್‌ಟಿ ರಿಟರ್ನ್ ತುಂಬುತ್ತೇನೆ. ತಿಂಗಳು ತಿಂಗಳು ತುಂಬುವವರಿಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 11ನೇ ತಾರೀಖಿಗೆ, ತೆರಿಗೆ ಲೆಕ್ಕ ಹಾಕಿ ಕಟ್ಟುವ 3ಬಿ 20ಕ್ಕೆ. ಆ ದಿನಗಳಲ್ಲೇ ನಾನು ಬೇಡದ ಸೈಟುಗಳನ್ನು ಜಾಸ್ತಿ ತೆರೆಯುತ್ತಿದ್ದೆ.

ಯಾವಾಗ ಹೀಗಾಗುತ್ತದೆ ಎಂದು ಒಂದು ವಾರ ನೋಟ್‌ಬುಕ್ಕಿನಲ್ಲಿ ಗೀಟು ಹಾಕಿದೆ. ಬೇಜಾರಾದಾಗ ಅಲ್ಲ, ಕಾಯುವಾಗ. ರಿಟರ್ನ್ ಸಲ್ಲಿಸುವಾಗ ಕೊನೆಯಲ್ಲಿ ಒಟಿಪಿ ಹೋಗುವುದು ಮಾಲೀಕರ ಮೊಬೈಲಿಗೆ. ಮಲ್ಲಂದೂರು ಕಡೆಯ ಹೋಂಸ್ಟೇಯವರೊಬ್ಬರು ಯಾವಾಗಲೂ ಹೇಳುತ್ತಾರೆ, "ಮೇಡಂ, ಗೇಟ್ ಹತ್ರ ಹೋದ್ರೆ ಸಿಗ್ನಲ್ ಸಿಗುತ್ತೆ, ಒಂದ್ನಿಮಿಷ ಇರಿ." ಆ ಒಂದು ನಿಮಿಷಕ್ಕೆ ನಾನು ಕಾಫಿ ರೇಟ್ ತೆರೆಯುತ್ತೇನೆ. ಅಲ್ಲಿಂದ ಸುದ್ದಿ, ಅಲ್ಲಿಂದ ಯೂಟ್ಯೂಬ್. ವಾಪಸ್ ಬರುವಷ್ಟರಲ್ಲಿ ಒಟಿಪಿಯ ಅವಧಿ ಮುಗಿದಿರುತ್ತಿತ್ತು. ಅವರನ್ನು ಮಳೆಯಲ್ಲಿ ಮತ್ತೊಮ್ಮೆ ಗೇಟಿಗೆ ಕಳಿಸಿದ ದಿನ ನನಗೆ ತುಂಬಾ ಕೆಟ್ಟದೆನಿಸಿತು. ಇದನ್ನು ಬಿಡಲೇಬೇಕು ಅನ್ನಿಸಿದ್ದು ಅಂದೇ.

ಸೈಟುಗಳನ್ನು ತಡೆಯಲು ಮೊದಲು ಹಿಡಿದದ್ದು ಖರ್ಚಿಲ್ಲದ ಹಳೆಯ ದಾರಿ, ವಿಂಡೋಸ್‌ನ ಹೋಸ್ಟ್ಸ್ ಫೈಲ್. ನೋಟ್‌ಪ್ಯಾಡನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, 127.0.0.1 ಎಂದು ಬರೆದು, ಮುಂದೆ ಸೈಟಿನ ಹೆಸರು ಹಾಕಿದರೆ ಆಯಿತು. ಬ್ರೌಸರ್ ಆ ಸೈಟನ್ನು ನಮ್ಮ ಕಂಪ್ಯೂಟರಿನಲ್ಲೇ ಹುಡುಕಿ, ಸಿಗದೆ ಸುಮ್ಮನಾಗುತ್ತದೆ. ಹೆಸರಿನ ಮುಂದೆ ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂ ಇದ್ದದ್ದು ಒಂದು ಸಾಲು, ಇಲ್ಲದ್ದು ಇನ್ನೊಂದು ಸಾಲು. ಎರಡನ್ನೂ ಬರೆಯಬೇಕು. ಆದರೆ ಇದಕ್ಕೆ ಹೊತ್ತು ಗೊತ್ತಿಲ್ಲ. ರಾತ್ರಿ ಮಗಳಿಗೆ ಪಾಠದ ವಿಡಿಯೋ ಬೇಕೆಂದರೆ ಸಾಲು ಅಳಿಸಬೇಕು, ಬೆಳಿಗ್ಗೆ ಮತ್ತೆ ಬರೆಯಬೇಕು. ಹತ್ತು ದಿನದಲ್ಲಿ ಅಳಿಸಿದ್ದು ಅಳಿಸಿದ ಹಾಗೇ ಉಳಿಯಿತು.

ಪೊಮೊಡೊರೊ ಬಗ್ಗೆ ಜಾಸ್ತಿ ಹೇಳುವುದಿಲ್ಲ. 25 ನಿಮಿಷ ಕೆಲಸ, 5 ನಿಮಿಷ ಬಿಡುವು. ಬರೆಯುವವರಿಗೆ, ಓದುವವರಿಗೆ ಒಳ್ಳೆಯದೇ. ನನ್ನ ಕೆಲಸದಲ್ಲಿ ಬಿಡುವು ಗಡಿಯಾರ ನೋಡಿ ಬರುವುದಿಲ್ಲ, ಸಿಗ್ನಲ್ ನೋಡಿ ಬರುತ್ತದೆ.

ನಿಜವಾದ ಪೈಪೋಟಿ ಇದ್ದದ್ದು ಕೋಲ್ಡ್ ಟರ್ಕಿ ಮತ್ತು ಲೀಚ್‌ಬ್ಲಾಕ್ ನಡುವೆ.

ಕೋಲ್ಡ್ ಟರ್ಕಿ ಕಂಪ್ಯೂಟರಿಗೇ ಹಾಕಿಕೊಳ್ಳುವ ಪ್ರೋಗ್ರಾಂ. ಟೈಮರ್ ಇಟ್ಟು ಲಾಕ್ ಮಾಡಿದರೆ ಹೊತ್ತು ಮುಗಿಯುವವರೆಗೂ ಬಿಚ್ಚುವುದಿಲ್ಲ. ಆ ಹೊತ್ತಿನಲ್ಲಿ ಅದನ್ನು ತೆಗೆದುಹಾಕಲೂ ಬಿಡುವುದಿಲ್ಲ. ಮೊದಲ ವಾರ ನನಗೆ ಹಾಯೆನಿಸಿತು. ಆಮೇಲೊಂದು 20ನೇ ತಾರೀಖು ಮೇಲ್ ಕೂಡ ಗಮನ ಕೆಡಿಸುತ್ತದೆಂದು ಅದನ್ನೂ ಪಟ್ಟಿಗೆ ಸೇರಿಸಿ ಮೂರು ಗಂಟೆ ಲಾಕ್ ಮಾಡಿದೆ. ಅರ್ಧ ಗಂಟೆಯಲ್ಲೇ ಒಬ್ಬರ ಖರೀದಿ ಬಿಲ್ಲುಗಳು ಮೇಲಿನಲ್ಲಿ ಬಂದವು. ಫೋನಿನಲ್ಲಿ ತೆರೆದು, ಅಂಕಿಗಳನ್ನು ಒಂದೊಂದಾಗಿ ನೋಡಿ ಟೈಪ್ ಮಾಡಿದೆ. ತಪ್ಪು ಪಟ್ಟಿ ಮಾಡಿದ ನನ್ನದೇ. ಆದರೆ ತೊಂದರೆ ಅಷ್ಟಕ್ಕೇ ಮುಗಿಯಲಿಲ್ಲ. ಬಿಲ್ಲಿಗೆಂದು ಕೈಗೆ ಬಂದ ಫೋನಿನಲ್ಲಿ ಕಾಫಿ ರೇಟೂ ಇತ್ತು, ಯೂಟ್ಯೂಬೂ ಇತ್ತು.

ಲೀಚ್‌ಬ್ಲಾಕ್ ಬ್ರೌಸರಿಗೆ ಹಾಕುವ ಉಚಿತ ಎಕ್ಸ್‌ಟೆನ್ಶನ್. ಫೈರ್‌ಫಾಕ್ಸಿಗೂ ಇದೆ, ಕ್ರೋಮಿಗೂ ಇದೆ. ದಿನದ ಯಾವ ಹೊತ್ತು, ಗಂಟೆಗೆ ಎಷ್ಟು ನಿಮಿಷ ಎಂದು ಪಟ್ಟಿಪಟ್ಟಿಗೂ ಬೇರೆ ಬೇರೆ ನಿಯಮ ಇಡಬಹುದು. ಬಿಗಿಯಲ್ಲಿ ಇದು ಕೋಲ್ಡ್ ಟರ್ಕಿಗೆ ಸಮವಲ್ಲ. ಬೇರೆ ಬ್ರೌಸರ್ ತೆರೆದರೆ ತಪ್ಪಿಸಿಕೊಳ್ಳಬಹುದು. ಆದರೂ ನನಗೆ ಒಗ್ಗಿದ್ದು ಇದೇ. ಕಾರಣ ಅದರ ಒಂದು ಆಯ್ಕೆ: ಸೈಟನ್ನು ಪೂರ್ತಿ ಮುಚ್ಚುವ ಬದಲು ಕಾಯಿಸುವುದು. ಕಾಫಿ ರೇಟ್ ತೆರೆದರೆ 60 ಸೆಕೆಂಡಿನ ಎಣಿಕೆ ಶುರುವಾಗುತ್ತದೆ. ಬೇರೆ ಟ್ಯಾಬಿಗೆ ಹೋದರೆ ಎಣಿಕೆ ನಿಲ್ಲುವಂತೆಯೂ ಮಾಡಬಹುದು. ಹೋಂಸ್ಟೇಯವರು ಗೇಟಿಗೆ ನಡೆಯುವುದೂ ಒಂದು ನಿಮಿಷ, ನಾನು ಎಣಿಕೆ ನೋಡುತ್ತಾ ಕೂರುವುದೂ ಒಂದು ನಿಮಿಷ. ಎಷ್ಟೋ ಸಲ ಸೈಟ್ ತೆರೆಯುವ ಮೊದಲೇ ಒಟಿಪಿ ಬಂದಿರುತ್ತದೆ.

ಇನ್ನೂ ಒಂದು ಬದಲಾಯಿತು. ಪೂರ್ತಿ ಮುಚ್ಚಿದಾಗ ಸಿಟ್ಟು ಬರುತ್ತಿತ್ತು, ದಾರಿ ಹುಡುಕುತ್ತಿದ್ದೆ. ಕಾಯಿಸಿದಾಗ "ಈಗ ಇದು ಯಾಕೆ ಬೇಕು?" ಎಂದು ನನ್ನನ್ನೇ ಕೇಳಿಕೊಂಡೆ. ಯೂಟ್ಯೂಬಿಗೆ ಉತ್ತರ ಇರಲಿಲ್ಲ, ಅದು ತಾನಾಗಿಯೇ ಕಡಿಮೆಯಾಯಿತು. ಕಾಫಿ ರೇಟಿಗೆ ಇತ್ತು. ಆಲ್ದೂರಿನ ಹತ್ತಿರ ಅಪ್ಪನ ಪುಟ್ಟ ತೋಟವಿದೆ. ಲಂಡನ್ನಿನ ರೊಬಸ್ಟಾ ಕಾಫಿ ಮಾರುಕಟ್ಟೆ ತೆರೆಯುವುದು ನಮ್ಮ ಮಧ್ಯಾಹ್ನದ ಹೊತ್ತಿಗೆ, ನನ್ನ ಫೈಲಿಂಗಿನ ಹೊತ್ತಿಗೇ. ಚೀಲಗಳನ್ನು ಈಗಲೇ ಕೊಡಬೇಕಾ, ಇನ್ನೂ ಇಟ್ಟುಕೊಳ್ಳಬೇಕಾ ಎಂಬ ಚಿಂತೆ ಅಪ್ಪನದು. ಅದನ್ನು ನಾನು ಇಲ್ಲಿ ಕೂತು ಹೊತ್ತುಕೊಂಡಿದ್ದೆ.

ಈಗ ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆವರೆಗೆ ರೇಟ್ ಮತ್ತು ಸುದ್ದಿಗೆ 60 ಸೆಕೆಂಡಿನ ಕಾಯುವಿಕೆ. ಯೂಟ್ಯೂಬಿಗೆ ಗಂಟೆಗೆ 5 ನಿಮಿಷ. ಮೇಲಿಗೆ ಯಾವ ತಡೆಯೂ ಇಲ್ಲ. ಫೋನ್ ಅಡುಗೆಮನೆಯ ಶೆಲ್ಫಿನಲ್ಲಿ, ಕರೆ ಬಂದರೆ ಕೇಳಿಸುವಷ್ಟು ದೂರದಲ್ಲಿ. ಕೋಲ್ಡ್ ಟರ್ಕಿಯನ್ನು ತೆಗೆದಿಲ್ಲ. ವರ್ಷದ ಲೆಕ್ಕ ಮುಗಿಸುವಾಗ, ಯಾರ ಒಟಿಪಿಯೂ ಬೇಕಿಲ್ಲದ ದಿನಗಳಲ್ಲಿ ಅದರಷ್ಟು ಚೆನ್ನಾಗಿ ಕೆಲಸ ಮಾಡುವುದು ಇನ್ನೊಂದಿಲ್ಲ.

ಸಂಜೆ ಆರಕ್ಕೆ ಅಪ್ಪನಿಗೆ ಫೋನ್ ಮಾಡುತ್ತೇನೆ. 50 ಕೆಜಿ ಚೀಲದ ರೇಟ್ ಅವರೇ ಹೇಳುತ್ತಾರೆ. ಆಮೇಲೆ, ತೋಟದವರು ಮಳೆ ಅಳೆಯುವ ಸೆಂಟಿನ ಲೆಕ್ಕದಲ್ಲಿ (ನೂರು ಸೆಂಟ್ ಅಂದರೆ ಒಂದು ಇಂಚು), "ಇವತ್ತು 80 ಸೆಂಟ್ ಮಳೆ ಆಯ್ತು ಕಣಮ್ಮ, ಅಲ್ಲಿ ಹೆಂಗೆ?" ಅನ್ನುತ್ತಾರೆ.