ಮನಾಲಿಯಲ್ಲಿ ಸೆಲ್ಫ್ ಡ್ರೈವ್ ಕಾರು ಹಿಡಿದು ಲಡಾಖ್‌ಗೆ ಹೊರಡುವವರು ದಯವಿಟ್ಟು ಓದಿ

ಮನಾಲಿಯಲ್ಲಿ ಕಾರು ಬಾಡಿಗೆಗೆ ಪಡೆದು, ತಾವೇ ಓಡಿಸಿಕೊಂಡು ಲೇಹ್, ಪಾಂಗಾಂಗ್ ಸರೋವರ, ನುಬ್ರಾ ಕಣಿವೆಗಳನ್ನು ಸುತ್ತಿ ಬರಬೇಕೆಂಬ ಯೋಚನೆ ಯಾರಿಗಾದರೂ ಇದ್ದರೆ, ಒಂದು ರೂಪಾಯಿ ಕಳುಹಿಸುವ ಮೊದಲು ಆ ಕಾರಿನ ನಂಬರ್ ಪ್ಲೇಟ್ ಯಾವ ಬಣ್ಣದ್ದೆಂದು ಕೇಳಿ ತಿಳಿದುಕೊಳ್ಳಿ. ವೈಟ್ ಬೋರ್ಡ್ ಎಂದರೆ ಅಲ್ಲಿಗೇ ಮಾತು ನಿಲ್ಲಿಸಿ. ನನಗೂ ನನ್ನ ಗೆಳೆಯನಿಗೂ ಆದ ಅನುಭವವನ್ನು ಬರೆಯಲು ಕುಳಿತರೆ ಈಗಲೂ ಸಿಟ್ಟು ನೆತ್ತಿಗೇರುತ್ತದೆ, ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನಮಗೆ ಕಾರು ಕೊಟ್ಟ ಆ ಮನುಷ್ಯ ಇಂದಿಗೂ ಅದೇ ಕಾರನ್ನು ಅದೇ ಮಾತುಗಳನ್ನಾಡಿ ಬಾಡಿಗೆಗೆ ಬಿಡುತ್ತಿದ್ದಾನೆ.

ಕಾರು ಗೊತ್ತುಮಾಡುವಾಗಲೇ ನಾನು ಸಂದೇಶದಲ್ಲಿ ಸ್ಪಷ್ಟವಾಗಿ ಕೇಳಿದ್ದೆ: ‘ಈ ಗಾಡಿಯನ್ನು ಪಾಂಗಾಂಗ್‌ವರೆಗೆ ಬಿಡುತ್ತಾರೆಯೇ?’ ‘ಪೂರ್ತಿ ಲಡಾಖ್ ಹೋಗಬಹುದು ಸರ್, ನಮ್ಮ ಗಾಡಿಗಳು ದಿನವೂ ಓಡಾಡುತ್ತಿರುತ್ತವೆ’ ಎಂದು ಉತ್ತರ ಬಂತು. ಪೂರ್ತಿ ಲಡಾಖ್. ಆ ಸಂದೇಶ ಇಂದಿಗೂ ನನ್ನ ಬಳಿ ಇದೆ. ಬಾಡಿಗೆಯ ಪೂರ್ತಿ ಹಣವನ್ನೂ 20,000 ರೂಪಾಯಿ ಡಿಪಾಸಿಟ್ಟನ್ನೂ ಮುಂಚೆಯೇ ಪಡೆದುಕೊಂಡವನು, ಕತ್ತಲಾಗುವ ಹೊತ್ತಿಗೆ, ಆಗಷ್ಟೇ ತೊಳೆದು ಇನ್ನೂ ನೀರು ತೊಟ್ಟಿಕ್ಕುತ್ತಿದ್ದ ಕಾರೊಂದನ್ನು ತಂದು ನಿಲ್ಲಿಸಿದ. ಅದು ವೈಟ್ ಬೋರ್ಡ್ ಗಾಡಿ. ಇದೇನೆಂದು ಕೇಳಿದರೆ, ಬಾಡಿಗೆಯ ಗಾಡಿ ಸರ್ವಿಸ್‌ಗೆ ಹೋಗಿದೆ, ಇದು ಅದಕ್ಕಿಂತ ಹೊಸದು, ನಿಮಗೇ ಲಾಭವಾಯಿತು ಎಂದ. ತನ್ನ ಮೊಬೈಲಿನಲ್ಲಿ ಕಾರಿನ ಸುತ್ತ ವಿಡಿಯೊ ಮಾಡಿಕೊಂಡು, ಕೀಲಿ ಕೈಗಿಟ್ಟ ಮೇಲೆ, ಹೊರಡುವ ಮುನ್ನ ತೀರಾ ಹಗುರವಾಗಿ ಇನ್ನೊಂದು ಮಾತು ಸೇರಿಸಿದ: ‘ದಾರಿಯಲ್ಲಿ ಯಾರಾದರೂ ಕೇಳಿದರೆ ಸ್ನೇಹಿತನ ಗಾಡಿ ಎಂದು ಹೇಳಿಬಿಡಿ ಸರ್.’

ಸೆಲ್ಫ್ ಡ್ರೈವ್‌ಗೆಂದು ಕಾನೂನುಬದ್ಧವಾಗಿ ನೋಂದಾಯಿಸಿದ ಕಾರಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರಗಳಿರುತ್ತವೆ. ಚಾಲಕನಿರುವ ಟ್ಯಾಕ್ಸಿಗೆ ಹಳದಿಯ ಮೇಲೆ ಕಪ್ಪು, ಸ್ವಂತ ಬಳಕೆಯ ಕಾರಿಗೆ ಬಿಳಿಯ ಮೇಲೆ ಕಪ್ಪು. ವೈಟ್ ಬೋರ್ಡ್ ಕಾರನ್ನು ಬಾಡಿಗೆಗೆ ಕೊಡುವುದೇ ಕಾನೂನಿಗೆ ವಿರುದ್ಧ. ಅದಕ್ಕಿಂತ ಭಯ ಹುಟ್ಟಿಸುವ ಸಂಗತಿ ಎಂದರೆ, ಖಾಸಗಿ ಕಾರಿನ ವಿಮೆಯು ಬಾಡಿಗೆಯ ಬಳಕೆಗೆ ಅನ್ವಯಿಸುವುದಿಲ್ಲ. ಬಾರಾಲಾಚಾ ಲಾ, ತಂಗ್ಲಂಗ್ ಲಾ ಕಣಿವೆಮಾರ್ಗಗಳನ್ನು, ಗಾಟಾ ಲೂಪ್ಸ್‌ನ 21 ತಿರುವುಗಳನ್ನು ನಾವು ಇಂಥ ಕಾರಿನಲ್ಲಿ ದಾಟಿದ್ದೆವು.

ಲೇಹ್‌ವರೆಗೆ ಯಾರೂ ತಡೆಯಲಿಲ್ಲ. ದೀಪಕ್ ತಾಲ್, ಸೂರಜ್ ತಾಲ್ ಸರೋವರಗಳ ಬಳಿ ನಿಂತು ಹೋಗುವಷ್ಟು ನೆಮ್ಮದಿ ಇತ್ತು. ಲೇಹ್‌ನಲ್ಲಿ ದೇಹವನ್ನು ಎತ್ತರಕ್ಕೆ ಹೊಂದಿಸಿಕೊಂಡು ಪಾಂಗಾಂಗ್‌ಗೆ ಹೊರಟ ಬೆಳಿಗ್ಗೆ, ಚಾಂಗ್ ಲಾ ಕಡೆಗೆ ರಸ್ತೆ ಒಡೆಯುವ ಖಾರುವಿನಲ್ಲಿ ಸ್ಥಳೀಯ ಟ್ಯಾಕ್ಸಿ ಚಾಲಕರು ಕೈ ಅಡ್ಡ ಹಿಡಿದರು. ಹೊರಗಿನಿಂದ ಬಾಡಿಗೆಗೆ ತಂದ ವಾಹನಗಳನ್ನು ಪಾಂಗಾಂಗ್, ನುಬ್ರಾ ಕಡೆಗೆ ಅವರು ಬಿಡುವುದಿಲ್ಲ. ಅವರ ವರ್ಷದ ದುಡಿಮೆಯೆಲ್ಲ ಬೇಸಿಗೆಯ ಕೆಲವೇ ತಿಂಗಳುಗಳದು ಎಂಬುದನ್ನು ನೋಡಿದರೆ ಅದು ಅನ್ಯಾಯವೆಂದು ನನಗೇನೂ ಅನ್ನಿಸುವುದಿಲ್ಲ. ಗಾಡಿ ಯಾರದೆಂದು ಕೇಳಿದರು. ಸ್ನೇಹಿತನದು ಎಂದು ನನ್ನ ಗೆಳೆಯ ಹೇಳಿದ. ಆರ್‌ಸಿ ಕೇಳಿದರು. ಡ್ಯಾಶ್‌ಬೋರ್ಡಿನೊಳಗೆ ಮಡಚಿಟ್ಟಿದ್ದ ಜೆರಾಕ್ಸ್ ಪ್ರತಿಯನ್ನು ಬಿಡಿಸಿ ನೋಡಿದ ಚಾಲಕ ಅದನ್ನು ನಮ್ಮತ್ತ ತಿರುಗಿಸಿ ಹಿಡಿದ: ಮಾಲೀಕರ ಜಾಗದಲ್ಲಿ ಒಬ್ಬ ಹೆಂಗಸಿನ ಹೆಸರಿತ್ತು. ‘ನಿಮ್ಮ ಸ್ನೇಹಿತನಿಗೆ ಒಂದು ಫೋನ್ ಮಾಡಿ ಕೊಡಿ’ ಎಂದ. ಗೆಳೆಯ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಅಷ್ಟರಲ್ಲಿ ಇನ್ನೊಬ್ಬ ಚಾಲಕ ತನ್ನ ಮೊಬೈಲಿನಲ್ಲಿ ಒಂದು ಫೋಟೊ ತೆಗೆದು ತೋರಿಸಿದ. ಇದೇ ಕಾರು, ಇದೇ ನಂಬರ್, ಪಕ್ಕದಲ್ಲಿ ತಲೆ ತಗ್ಗಿಸಿ ನಿಂತ ಬೇರೆ ಯಾರೋ ಪ್ರವಾಸಿಗರು. ‘ಇವರೂ ಸ್ನೇಹಿತನ ಗಾಡಿ ಎಂದೇ ಹೇಳಿದ್ದರು’ ಎಂದ. ಅವನು ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವನು ಸುಮ್ಮನೆ ನಕ್ಕ. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಗೆಳೆಯನದು ಪ್ರಿಪೇಯ್ಡ್ ಸಿಮ್. ಹೊರ ರಾಜ್ಯದ ಪ್ರಿಪೇಯ್ಡ್ ಲಡಾಖ್‌ನಲ್ಲಿ ಕೆಲಸ ಮಾಡುವುದಿಲ್ಲವಾದ್ದರಿಂದ ನನ್ನ ಪೋಸ್ಟ್‌ಪೇಯ್ಡ್ ಫೋನಿನಿಂದಲೇ ಆ ಮನುಷ್ಯನಿಗೆ ಕರೆ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಬಹಳ ಹೊತ್ತಿನ ಮೇಲೆ ‘ಮೀಟಿಂಗ್‌ನಲ್ಲಿದ್ದೇನೆ ಸರ್’ ಎಂಬ ಸಂದೇಶ ಬಂತು. ವಿಷಯ ತಿಳಿಸಿದಾಗ ಬಂದ ಉತ್ತರ: ‘ಬಾಡಿಗೆಯ ಗಾಡಿ ಎಂದು ನೀವು ಯಾಕೆ ಗೊತ್ತಾಗಲು ಬಿಟ್ಟಿರಿ?’ ಅಂದರೆ ತಪ್ಪು ನಮ್ಮದು! ಅವನೇ ಬರೆದಿದ್ದ ‘ಪೂರ್ತಿ ಲಡಾಖ್’ ಎಂಬ ಸಂದೇಶವನ್ನು ಅವನಿಗೇ ಕಳುಹಿಸಿದೆ. ‘ಲಡಾಖ್ ಎಂದರೆ ಲೇಹ್ ಸರ್, ಪಾಂಗಾಂಗ್‌ಗೆ ಈ ಗಾಡಿ ಹೋಗುವಂತಿಲ್ಲ, ಅದು ಎಲ್ಲರಿಗೂ ಗೊತ್ತಿರುವ ವಿಷಯ’ ಎಂದು ಬರೆದ. ನಾನು ಕೇಳಿದ ಪ್ರಶ್ನೆಯಲ್ಲೇ ಪಾಂಗಾಂಗ್ ಎಂಬ ಹೆಸರಿತ್ತು. ಅದನ್ನು ತೋರಿಸಿದ ಮೇಲೆ ಉತ್ತರವೇ ಬರಲಿಲ್ಲ.

ನಾವು ಲೇಹ್‌ಗೆ ಹಿಂದಿರುಗಿ, ಆ ಕಾರನ್ನು ವಸತಿಗೃಹದ ಅಂಗಳದಲ್ಲಿ ನಿಲ್ಲಿಸಿ, ಸ್ಥಳೀಯ ಟ್ಯಾಕ್ಸಿಯನ್ನು ಪ್ರತ್ಯೇಕವಾಗಿ ಹಣ ಕೊಟ್ಟು ಗೊತ್ತುಮಾಡಿಕೊಂಡು ಪಾಂಗಾಂಗ್‌ಗೆ ಹೋಗಿಬಂದೆವು. ನಿಂತ ಕಾರಿಗೂ ಬಾಡಿಗೆ, ಓಡುವ ಟ್ಯಾಕ್ಸಿಗೂ ಬಾಡಿಗೆ. ಸರೋವರ ಚೆನ್ನಾಗಿಯೇ ಇತ್ತು, ಅದರ ನೀಲಿಯನ್ನು ಬೇರೆಯವರು ಸಾಕಷ್ಟು ವರ್ಣಿಸಿದ್ದಾರೆ. ನಾನಂತೂ ದಂಡೆಯಲ್ಲಿ ನಿಂತೂ ಲೆಕ್ಕವನ್ನೇ ಹಾಕುತ್ತಿದ್ದೆ.

ಮನಾಲಿಯಲ್ಲಿ ಕಾರು ಹಿಂದಿರುಗಿಸುವಾಗ ಇನ್ನೊಂದು ಆಟ ಕಾದಿತ್ತು. ಈ ಬಾರಿ ಅವನು ಮಧ್ಯಾಹ್ನದ ಬಿಸಿಲಿನಲ್ಲಿ ಬಂದು, ಒಣ ಬಟ್ಟೆಯಿಂದ ಕಾರನ್ನು ಒರೆಸಿ, ನಿಧಾನವಾಗಿ ಸುತ್ತು ಹಾಕಿದ. ಹಿಂದಿನ ಬಾಗಿಲಿನ ಕೆಳಗೆ ಒಂದು ಗೇಣುದ್ದದ ಗೀರು ತೋರಿಸಿ, ಇದು ನೀವು ಮಾಡಿದ್ದು, ಡಿಪಾಸಿಟ್ ವಾಪಸ್ಸು ಕೊಡಲಾಗದು ಎಂದ. ಅವನ ವಿಡಿಯೊದಲ್ಲಿ ಕತ್ತಲೆ ಮತ್ತು ನೀರಿನ ಹೊಳಪಿನ ನಡುವೆ ಗೀರು ಇರಲಿ, ಬಾಗಿಲೇ ಸರಿಯಾಗಿ ಕಾಣುವುದಿಲ್ಲ. ನಾನು ಬಗ್ಗಿ ನೋಡಿದೆ: ಗೀರಿನ ಉದ್ದಕ್ಕೂ ಕಂದು ಬಣ್ಣದ ತುಕ್ಕು ಹಿಡಿದು, ಅಂಚಿನ ಬಣ್ಣ ಎದ್ದು ಬಂದಿತ್ತು. ಹೊಸ ಗೀರಿಗೆ ಇಷ್ಟು ತುಕ್ಕು ಹೇಗೆ ಬಂತೆಂದು ಕೇಳಿದೆ. ಅವನು ಕಣ್ಣು ಮಿಟುಕಿಸದೆ ಹೇಳಿದ: ‘ಪಾಂಗಾಂಗ್ ಉಪ್ಪುನೀರಿನ ಸರೋವರ ಸರ್, ಅಲ್ಲಿನ ಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ.’

ಪಾಂಗಾಂಗ್‌ನ ನೀರು ಉಪ್ಪು ಎಂಬುದು ನಿಜ. ಆದರೆ ಆ ಕಾರು ಪಾಂಗಾಂಗ್ ನೋಡಲೇ ಇಲ್ಲ! ಅಲ್ಲಿಗೆ ಹೋಗುವಂತಿಲ್ಲ ಎಂದು ನನಗೆ ಬರೆದು ತಿಳಿಸಿದವನೇ ಇವನು. ಅದನ್ನು ಹೇಳಿದಾಗ ಅವನ ಮುಖದಲ್ಲಿ ಒಂದಿಷ್ಟಾದರೂ ನಾಚಿಕೆ ಕಾಣಬೇಕಿತ್ತಲ್ಲವೇ? ‘ಹಾಗಾದರೆ ಬೇರೆ ಎಲ್ಲಾದರೂ ತಾಗಿರಬೇಕು’ ಎಂದು ಕೀಲಿ ಜೇಬಿಗಿಳಿಸಿ ಹೊರಟೇ ಹೋದ.

ಹೋಗಲೇಬೇಕೆನ್ನುವವರು ಕಾರಿನ ಆರ್‌ಸಿ ಮತ್ತು ನಂಬರ್ ಪ್ಲೇಟಿನ ಫೋಟೊ ತರಿಸಿಕೊಳ್ಳದೆ ಮುಂಗಡ ಕೊಡಬೇಡಿ. ಒಪ್ಪಿದ ಗಾಡಿಯ ಬದಲು ಬೇರೆ ಗಾಡಿ ಬಂದರೆ, ಎಷ್ಟೇ ಹೊಸದಾಗಿರಲಿ, ಕೀಲಿ ಮುಟ್ಟಬೇಡಿ. ಕಪ್ಪು ಬೋರ್ಡ್ ಇದ್ದರೂ ಹೊರಗಿನ ಬಾಡಿಗೆ ಗಾಡಿ ಲೇಹ್‌ವರೆಗೆ ಮಾತ್ರ ಎಂದೇ ಲೆಕ್ಕ ಹಾಕಿ, ಮುಂದಕ್ಕೆ ಅಲ್ಲಿನವರ ಟ್ಯಾಕ್ಸಿಯನ್ನೇ ಹಿಡಿಯಿರಿ. ತೊಳೆದು ಒದ್ದೆಯಾಗಿರುವ ಕಾರನ್ನು ತಂದವನಿಗೆ ಒಣಗುವವರೆಗೆ ಕಾಯಲು ಹೇಳಿ, ವಿಡಿಯೊವನ್ನು ನೀವೇ ಮಾಡಿ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಸಂದೇಶಗಳ ಪ್ರತಿಗಳೊಂದಿಗೆ ದೂರು ಕೊಟ್ಟಿದ್ದೇವೆ. ಅದು ತಲುಪಿದ ಮೇಲೆ ಆ ಮನುಷ್ಯ ತಾನಾಗಿಯೇ ಕರೆ ಮಾಡಿ, ದೂರು ಹಿಂತೆಗೆದುಕೊಂಡರೆ 5,000 ರೂಪಾಯಿ ಕೊಡುತ್ತೇನೆ ಎಂದಿದ್ದಾನೆ. ಉಳಿದ 15,000 ಗೀರಿಗಂತೆ. ನಾವು ಹಿಂತೆಗೆದುಕೊಂಡಿಲ್ಲ.