ಸಿಂಬಳ ಎಳೆಯೋ ಟ್ಯೂಬು: ಎರಡು ಮಳೆಗಾಲ ಉಪಯೋಗಿಸಿ ಆದ್ಮೇಲೆ ಹೇಳ್ತಿದ್ದೇನೆ

ಮಗುವಿನ ಮೂಗು ಕಟ್ಟಿದಾಗ ಸಿಂಬಳ ಎಳೆದು ತೆಗೆಯುವ ಟ್ಯೂಬ್ ಇದು, ಒಂದು ತುದಿ ಮಗುವಿನ ಮೂಗಿಗೆ, ಇನ್ನೊಂದು ನಮ್ಮ ಬಾಯಿಗೆ. ಬಾಯಲ್ಲಿ ಎಳೀಬೇಕಾ ಅಂತ ಕೇಳುವವರಿಗೆ ಮೊದಲೇ ಹೇಳಿಬಿಡ್ತೇನೆ, ಹೌದು, ಬಾಯಲ್ಲೇ ಎಳೀಬೇಕು. ಡಬ್ಬದ ಮೇಲಿನ ಚಿತ್ರ ನೋಡಿ ನಮ್ಮವರು "ಇದೆಂತ ಮಾರಾಯ್ತಿ, ಛೀ, ನನ್ನಿಂದ ಆಗ್ಲಿಕ್ಕಿಲ್ಲ" ಅಂದಿದ್ರು. ಅದೇ ವಾರ ರಾತ್ರಿ ಎರಡೂವರೆಗೆ ಲೈಟ್ ಹಾಕಿ ಟ್ಯೂಬ್ ಬಾಯಲ್ಲಿಟ್ಟು ಕೂತದ್ದು ಅವರೇ. ಸಿಂಬಳ ನಮ್ಮ ಬಾಯಿಗೆ ಬರುವುದಿಲ್ಲ, ನಡುವಲ್ಲಿ ಸ್ಪಂಜಿನ ಫಿಲ್ಟರ್ ಉಂಟು, ಬಂದದ್ದೆಲ್ಲ ಮೂಗಿನ ಕಡೆಯ ಕೊಳವೆಯಲ್ಲೇ ನಿಲ್ತದೆ.

ನಮ್ಮದು ಮಂಗಳೂರಿನ ಬಿಜೈಯಲ್ಲಿ ಫ್ಲ್ಯಾಟ್. ಹೋದ ವರ್ಷ ಜುಲೈಯಲ್ಲಿ ಮಗನಿಗೆ ನಾಲ್ಕು ತಿಂಗಳು. ಆಟಿಯ ಮಳೆ, ಗೋಡೆಯಲ್ಲೆಲ್ಲ ಪಸೆ, ಮಗುವಿನ ಬಟ್ಟೆ ಫ್ಯಾನಿನಡಿ ಹಗ್ಗ ಕಟ್ಟಿ ಎರಡು ದಿನ ಹಾಕಿದ್ರೂ ಒಣಗದ ಸಮಯ, ಮನೆಯಲ್ಲಿ ಒಬ್ಬರಾದ ಮೇಲೊಬ್ಬರಿಗೆ ಶೀತ, ಕೊನೆಗೆ ಇವನಿಗೂ. ಜ್ವರ ಇಲ್ಲ, ಕೆಮ್ಮಿಲ್ಲ, ಆದ್ರೆ ಮೂಗು ಫುಲ್ ಬಂದ್. ಗೊರ ಗೊರ ಗೊರ. ಹಾಲಿಗೆ ಬಾಯಿ ಹಾಕ್ತಾನೆ, ಎರಡು ಸಲ ಚೀಪ್ತಾನೆ, ಉಸಿರು ಸಿಗದೆ ಬಿಟ್ಟು ಕಿರುಚ್ತಾನೆ, ಹಸಿವು ತಡೀಲಿಕ್ಕಾಗದೆ ಪುನಃ ಬಾಯಿ ಹಾಕ್ತಾನೆ, ಬೆಳಗಾಗುವವರೆಗೆ ಇದೇ ಕಥೆ. ಸಣ್ಣ ಮಕ್ಕಳು ಮೊದಲ ಕೆಲವು ತಿಂಗಳು ಹೆಚ್ಚಾಗಿ ಮೂಗಲ್ಲೇ ಉಸಿರಾಡುವುದು, ನಮ್ಮ ಹಾಗೆ ಬಾಯಿ ತೆರೆದು ಸುಧಾರಿಸ್ಲಿಕ್ಕೆ ಅವಕ್ಕೆ ಗೊತ್ತಿಲ್ಲ.

ಆಗ ಮನೆಯಲ್ಲಿದ್ದದ್ದು ರಬ್ಬರಿನ ಬಲ್ಬು, ನಾಮಕರಣಕ್ಕೆ ಯಾರೋ ಕೊಟ್ಟ ಗಿಫ್ಟ್ ಸೆಟ್‌ನಲ್ಲಿ ಬಂದದ್ದು. ಒತ್ತಿ ಹಿಡ್ಕೊಂಡು ಮೂಗಿಗಿಟ್ಟು ಬಿಟ್ರೆ ಎಳೀತದೆ ಅಂತ ಲೆಕ್ಕ. ಎಳೀತದೆ, ಚೂರು. ಆದ್ರೆ ಅದರ ಒಳಗೆ ಎಂತ ಉಂಟು ಅಂತ ಕಾಣುವುದಿಲ್ಲ, ತೊಳೆದ ನೀರು ನಮ್ಮ ಮಳೆಗಾಲದಲ್ಲಿ ಒಣಗುವುದೂ ಇಲ್ಲ. ಮೂರು ವಾರ ಆದ್ಮೇಲೆ ವಾಸನೆ ಬರ್ತದೆ ಅಂತ ಅತ್ತೆ ಅದನ್ನು ಮೆಟ್ಟುಕತ್ತಿಯಲ್ಲಿ ಎರಡು ಹೋಳು ಮಾಡಿದ್ರು. ಒಳಗೆಲ್ಲ ಕಪ್ಪು ಬೂಷ್ಟು. ಸೀದಾ ಕಸದ ಡಬ್ಬಿಗೆ.

ಮತ್ತೆ ದುಬೈಯಿಂದ ಭಾವ ತಂದ ಬ್ಯಾಟರಿದು. ಮೂರು ಸ್ಪೀಡು, ಲೈಟು, ಜೋಗುಳದ ಮ್ಯೂಸಿಕ್ ಬೇರೆ. ಮ್ಯೂಸಿಕ್ ಚಂದ ಉಂಟು. ನೀರಿನ ಹಾಗೆ ಇಳಿಯುವ ಸಿಂಬಳ ಎಳೀತದೆ, ಗಟ್ಟಿಯಾದದ್ದರ ಹತ್ರ ಅದರ ಆಟ ನಡೆಯುವುದಿಲ್ಲ, ಆ ಗುಂಯ್ ಶಬ್ದಕ್ಕೇ ಇವ ತಲೆ ಆಚೆ ಈಚೆ ಮಾಡ್ತಾನೆ. ಭಾವನಿಗೆ ಹೇಳ್ಬೇಡಿ, ಈಗ ಅದು ಆಟದ ಸಾಮಾನಿನ ಬುಟ್ಟಿಯಲ್ಲಿ ಉಂಟು.

ಟ್ಯೂಬಿಗೆ ನಾನು ಕೊಟ್ಟದ್ದು 380 ರೂಪಾಯಿ, ಹಂಪನಕಟ್ಟೆ ಹತ್ರ ಮಕ್ಕಳ ಸಾಮಾನಿನ ಅಂಗಡಿಯಲ್ಲಿ, ಜೊತೆಗೆ ಫಿಲ್ಟರ್ ನಾಲ್ಕು ಎಕ್ಸ್‌ಟ್ರಾ. ಎಳೆಯುವವರು ನಾವೇ ಆದ ಕಾರಣ ಮೆಲ್ಲ ಶುರು ಮಾಡಿ ಬೇಕಾದಷ್ಟೇ ಎಳೀಬಹುದು, ಶಬ್ದ ಇಲ್ಲ, ಮತ್ತೆ ಕೊಳವೆ ಪಾರದರ್ಶಕ, ಬಂದದ್ದು ಬಾರದ್ದು ಕಾಣ್ತದೆ. ತುದಿಯನ್ನು ಮೂಗಿನೊಳಗೆ ತುರುಕ್ಲಿಕ್ಕಿಲ್ಲ, ಹೊಳ್ಳೆಯ ಬಾಯಿಗೆ ಒತ್ತಿಟ್ರೆ ಸಾಕು.

ಆದ್ರೆ ಸತ್ಯ ಹೇಳ್ತೇನೆ, ಮೊದಲ ಎರಡು ದಿನ ಇದೂ ಎಂತದೂ ಮಾಡ್ಲಿಲ್ಲ. ದುಡ್ಡು ದಂಡ ಅಂತಲೇ ನೆನೆಸಿದ್ದೆ. ಮೂರನೇ ದಿನ ಡಾಕ್ಟ್ರ ಹತ್ರ ಹೋದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ, "ಸಲೈನ್ ಹಾಕಿ ಎಳೆದ್ರಾ, ಬರೀ ಎಳೆದ್ರಾ?" ಬರೀ ಎಳೆದದ್ದು. ಒಣಗಿ ಅಂಟಿದ್ದನ್ನು ಎಷ್ಟು ಎಳೆದ್ರೂ ಬರುವುದಿಲ್ಲ, ಮೊದಲು ನೆನೀಬೇಕು. ಸಲೈನ್ ಡ್ರಾಪ್ಸ್ ಅಂದ್ರೆ ಬರೀ ಉಪ್ಪುನೀರು, 0.65 ಪರ್ಸೆಂಟ್ ಸೋಡಿಯಂ ಕ್ಲೋರೈಡ್, ಔಷಧ ಎಂತದೂ ಇಲ್ಲ. ಮಗುವನ್ನು ಅಂಗಾತ ಮಲಗಿಸಿ ಒಂದೊಂದು ಹೊಳ್ಳೆಗೆ ಒಂದೆರಡು ಹನಿ, ಒಂದು ನಿಮಿಷ ಕಾಯಿರಿ, ಆಮೇಲೆ ಎಳೆಯಿರಿ. ಅವತ್ತು ರಾತ್ರಿ ಬಂದದ್ದು ನೋಡಿ ನಮಗೇ ಗಾಬರಿ, ಅಷ್ಟು ಸಣ್ಣ ಮೂಗಲ್ಲಿ ಅಷ್ಟೆಲ್ಲ ಎಲ್ಲಿತ್ತು ಮಾರಾಯ್ರೆ! ಇಪ್ಪತ್ತು ನಿಮಿಷ ಒಂದೇ ಸಮ ಹಾಲು ಕುಡಿದು ಮಲಗಿದ. ಅದಕ್ಕೇ ಟ್ಯೂಬಿಗೆ ನಾನು ಐದಕ್ಕೆ ನಾಲ್ಕು ಕೊಡುವುದು, ಅದರಲ್ಲಿ ಎರಡು ಉಪ್ಪುನೀರಿಗೆ ಸೇರಬೇಕಾದ ಮಾರ್ಕು. ಎಷ್ಟೋ ಸಲ ಹನಿ ಹಾಕಿದ್ದಕ್ಕೇ ಎರಡು ಸೀನು ಬಂದು ಮೂಗು ತೆರೀತದೆ, ಟ್ಯೂಬ್ ಬೇಕಾಗುವುದೇ ಇಲ್ಲ. ಮನೆಯಲ್ಲಿ ಉಪ್ಪು ಕರಗಿಸಿ ಹಾಕುವ ಬುದ್ಧಿವಂತಿಕೆ ಬೇಡ, ಅಳತೆ ತಪ್ತದೆ, ಶುದ್ಧವೂ ಇರುವುದಿಲ್ಲ.

ಡ್ರಾಪ್ಸ್ ತಗೊಳ್ಳುವಾಗ ಲೇಬಲ್ ಓದಿ, ಇದು ಮಾತ್ರ ಸ್ವಲ್ಪ ಜೋರಾಗಿಯೇ ಹೇಳ್ತೇನೆ. ಸಲೈನ್ ಮುಗಿದಾಗ ನಮ್ಮವರು ದಾರಿಯಲ್ಲಿ ಒಂದು ಮೆಡಿಕಲ್‌ನಲ್ಲಿ "ಮಗುವಿನ ಮೂಗಿಗೆ ಡ್ರಾಪ್ಸ್" ಅಂತ ಕೇಳಿದ್ರೆ ಅಲ್ಲಿದ್ದ ಹುಡುಗ ಕೊಟ್ಟದ್ದು ಆಕ್ಸಿಮೆಟಾಝೋಲಿನ್ ಇದ್ದದ್ದು. ಅದು ಮೂಗಿನೊಳಗಿನ ರಕ್ತನಾಳ ಸಣ್ಣ ಮಾಡುವ ಔಷಧ, ದೊಡ್ಡವರಿಗೇ ಕೆಲವು ದಿನ ಬಿಡದೆ ಹಾಕಿದ್ರೆ ಆಮೇಲೆ ಮೂಗು ಇನ್ನೂ ಜೋರು ಕಟ್ತದೆ, ಇಷ್ಟು ಸಣ್ಣ ಮಗುವಿಗೆ ಡಾಕ್ಟ್ರು ಹೇಳದೆ ಹಾಕ್ಲೇಬಾರದು. ಬಾಟ್ಲಿ ನೋಡಿದ್ರೆ ಎರಡೂ ಒಂದೇ ನಮೂನೆ. ಶೀತದ ಸಿರಪ್ಪೂ ಹಾಗೆಯೇ, ಅಕ್ಕನ ಮಗನಿಗೆ ತಂದದ್ದು ಉಳಿದಿತ್ತು, ಕೊಡು ಅಂದ್ಲು. ಕ್ಲೋರ್‌ಫೆನಿರಮಿನ್ ಮತ್ತೆ ಫಿನೈಲೆಫ್ರಿನ್ ಸೇರಿಸಿದ ಸಿರಪ್ಪನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ ಲೇಬಲ್ ಮೇಲೆ ಹಾಕ್ಲಿಕ್ಕೆ 2023ರ ಡಿಸೆಂಬರ್‌ನಲ್ಲೇ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಹೇಳಿಯಾಗಿದೆ.

ಹ್ಯುಮಿಡಿಫೈಯರ್ ಬಗ್ಗೆ ಕೇಳ್ತೀರಿ ಅಂತ ಗೊತ್ತು. ಬೆಂಗಳೂರಿನ ಫ್ರೆಂಡು ತಗೊಳ್ಳೇಬೇಕು ಅಂದಿದ್ಲು, ಅವಳಲ್ಲಿ ಚಳಿಗಾಲದಲ್ಲಿ ಗಾಳಿ ಒಣಗ್ತದೆ, ಸರಿ. ನಮ್ಮ ಊರಲ್ಲಿ ಜುಲೈಯಲ್ಲಿ ಗಾಳಿಗೆ ಇನ್ನೂ ನೀರು ಸೇರಿಸುವುದೆಂತಕ್ಕೆ? ಗೋಡೆಗೆ ಬೂಷ್ಟು ಬರಿಸ್ಲಿಕ್ಕಾ?

ಅತ್ತೆಯ ಮದ್ದಿನದ್ದು ಬೇರೆ ಚಾಪ್ಟರ್. ಸಾಂಬ್ರಾಣಿ ಎಲೆ (ದೊಡ್ಡಪತ್ರೆ) ಬಾಡಿಸಿ ನೆತ್ತಿಗಿಡುವುದು, ಸ್ನಾನ ಆದ್ಮೇಲೆ ನೆತ್ತಿಗೆ ರಾಸ್ನಾದಿ ಚೂರ್ಣ ತಿಕ್ಕುವುದು, ಇದಕ್ಕೆಲ್ಲ ನಾನು ಅಡ್ಡ ಬರ್ಲಿಲ್ಲ. ಅದೇ ಎಲೆಯ ರಸಕ್ಕೆ ಜೇನು ಸೇರಿಸಿ ನೆಕ್ಕಿಸ್ತೇನೆ ಅಂದಾಗ ಮಾತ್ರ ಬೇಡ ಅತ್ತೆ ಅಂದೆ, ಒಂದು ವರ್ಷದೊಳಗೆ ಜೇನು ಬೊಟುಲಿಸಂ ಅನ್ನುವ ಅಪಾಯದ ಕಾಯಿಲೆಯ ಭಯಕ್ಕೆ ಕೊಡ್ಲಿಕ್ಕಿಲ್ಲ. ಮೂಗಿಗೆ ತೆಂಗಿನೆಣ್ಣೆ ಬಿಡುವುದೂ ಬೇಡ, ಎಣ್ಣೆ ಶ್ವಾಸಕೋಶಕ್ಕೆ ಇಳಿದ್ರೆ ನ್ಯುಮೋನಿಯಾ ಆಗುವುದುಂಟು. ಕರ್ಪೂರದ್ದು, ಘಾಟಿನ ಮುಲಾಮು ಎರಡು ವರ್ಷದವರೆಗೆ ಇಲ್ಲ. ಬ್ರಹ್ಮಾವರದಲ್ಲಿ ಅಮ್ಮನ ಮನೆಗೆ ಬಾಣಂತನಕ್ಕೆ ಬರ್ತಿದ್ದ ಅಜ್ಜಿ ಮಗುವನ್ನು ಮೀಯಿಸಿ ಆದ ಕೂಡ್ಲೇ ಮೂಗಿಗೆ ಉಫ್ ಅಂತ ಊದ್ತಿದ್ರು, ಆ ಅಜ್ಜಿಗೆ ಶೀತ ಇದ್ದ ದಿನವೂ! ಅದನ್ನು ನಿಲ್ಲಿಸ್ಲಿಕ್ಕೆ ಪಟ್ಟ ಪಾಡು ನನಗೇ ಗೊತ್ತು. ಆದ್ರೆ ಅಲ್ಲಿಯ ಬಚ್ಚಲಿನ ಹಂಡೆ ನೀರಿನ ಹಬೆಯಲ್ಲಿ ಐದು ನಿಮಿಷ ಮಗುವನ್ನು ಹಿಡ್ಕೊಂಡು ಕೂತ್ರೆ ಮೂಗು ಇಳೀತಿತ್ತು, ಹಂಡೆಯಿಂದ ದೂರ, ಬಾಗಿಲ ಹತ್ರ. ಪಾತ್ರೆಯಲ್ಲಿ ಬಿಸಿನೀರಿಟ್ಟು ಮುಖಕ್ಕೆ ಹಬೆ ಕೊಡುವುದು ಬೇರೆ, ಅದರಲ್ಲಿ ಸುಟ್ಟುಕೊಳ್ಳುವುದೇ ಜಾಸ್ತಿ.

ಟ್ಯೂಬಿನ ದೂರುಗಳೂ ಉಂಟು. ಫಿಲ್ಟರ್ ಪ್ಯಾಕ್ ಬೇರೆ ತಗೊಳ್ಬೇಕು, ಎಲ್ಲ ಅಂಗಡಿಯಲ್ಲಿ ಸಿಗುವುದಿಲ್ಲ. ಪ್ರತಿ ಸಲ ಬಿಚ್ಚಿ ಉಗುರುಬೆಚ್ಚಗಿನ ಸೋಪು ನೀರಲ್ಲಿ ತೊಳೆದು ಒಣಗಿಸ್ಬೇಕು, ಉದ್ದ ಪೈಪಿಗೆ ನೀರು ಹೋದ್ರೆ ಒಣಗುವಾಗ ನಾಳೆ ಆಗ್ತದೆ, ಹಾಗಾಗಿ ಪೈಪಿಗೆ ನೀರು ಮುಟ್ಟಿಸ್ಲೇಬೇಡಿ. ಎಳೀತದೆ ಅಂತ ಗಂಟೆಗೊಂದು ಸಲ ಎಳೆಯುವುದೂ ತಪ್ಪು, ನಾನು ಒಂದು ದಿನ ಏಳೆಂಟು ಸಲ ಮಾಡಿ ಸಿಂಬಳದಲ್ಲಿ ರಕ್ತದ ಗೆರೆ ಕಂಡು ಅತ್ತುಬಿಟ್ಟೆ. ದಿನಕ್ಕೆ ಮೂರು ನಾಲ್ಕು ಸಲ, ಹಾಲಿಗೆ ಮೊದಲು ಮತ್ತೆ ಮಲಗುವ ಮೊದಲು, ಅಷ್ಟೇ. ಹಾಲಾದ ಮೇಲೆ ಮಾಡಿದ್ರೆ ಕುಡಿದದ್ದೆಲ್ಲ ನಿಮ್ಮ ಮಡಿಲಿಗೆ.

ಇದು ಬರೀ ಶೀತಕ್ಕೆ ಮಾತ್ರ. ಉಸಿರಾಡುವಾಗ ಪಕ್ಕೆಲುಬಿನ ಕೆಳಗೆ ಗುಳಿ ಬಿದ್ರೆ, ಹಾಲೇ ಬೇಡ ಅಂದ್ರೆ, ಮೂತ್ರ ಕಮ್ಮಿಯಾದ್ರೆ, ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಜ್ವರ ಬಂದ್ರೆ, ಟ್ಯೂಬ್ ಬದಿಗಿಟ್ಟು ಆಸ್ಪತ್ರೆಗೆ ಓಡಿ. ಮಗು ಸುಮ್ಮನಿದ್ದಾಗ ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಉಸಿರು ಲೆಕ್ಕ ಮಾಡಿ, ಎರಡು ತಿಂಗಳೊಳಗೆ 60 ಅಥವಾ ಹೆಚ್ಚು, ಎರಡರಿಂದ ಹನ್ನೆರಡು ತಿಂಗಳಿಗೆ 50 ಅಥವಾ ಹೆಚ್ಚು ಬಂದ್ರೂ ಹಾಗೆಯೇ.

ಈ ವರ್ಷ ಮಗನಿಗೆ ಒಂದೂ ಕಾಲು ದಾಟಿತು. ಈಗ ಟ್ಯೂಬ್ ಕಂಡ್ರೆ ಓಡ್ತಾನೆ, ಒಬ್ಬರು ಹಿಡೀಬೇಕು ಒಬ್ಬರು ಎಳೀಬೇಕು, ಅಪ್ಪನ ಮೂಗಿಗೆ ಮೊದಲು ಇಟ್ಟು ತೋರಿಸಿದ್ರೆ ಮಾತ್ರ ತನ್ನ ಸರದಿಗೆ ಬರ್ತಾನೆ. ಫಿಲ್ಟರ್ ಒಂದೇ ಉಳಿದಿದೆ, ಹೊರಗೆ ಮಳೆ ಸುರೀತಾ ಉಂಟು, ಸಂಜೆ ಬಿಟ್ರೆ ಹಂಪನಕಟ್ಟೆಗೆ ಹೋಗಿ ಬರ್ಬೇಕು.