ಕೆಎ 30 ನಂಬರಿನ ಹಳೇ ಆಟೊಮ್ಯಾಟಿಕ್: ಒಂಬತ್ತು ವರ್ಷ ಓಡಿಸಿದ ಮೇಲೆ

ಎಡಮಂಡಿ ಕೈಕೊಟ್ಟಿತ್ತು, ಕ್ಲಚ್ ತುಳಿಯಲು ಆಗುತ್ತಿರಲಿಲ್ಲ. ಹಾಗಾಗಿ 2016ರಲ್ಲಿ ಕಾರವಾರದಲ್ಲಿ ನೌಕರಿಯಲ್ಲಿದ್ದವರೊಬ್ಬರ ಹತ್ತಿರ ಈ ಕಾರು ಕೊಂಡೆ. 2010ರ ಮಾಡೆಲ್, ಪೆಟ್ರೋಲ್, ನಾಲ್ಕು ಗೇರಿನ ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಆಟೊಮ್ಯಾಟಿಕ್. ಆಗ 48 ಸಾವಿರ ಕಿಲೋಮೀಟರ್ ಓಡಿತ್ತು, ಈಗ 1,31,000 ದಾಟಿದೆ. ಕಂಪನಿ ಹೆಸರು ಬರೆಯುವುದಿಲ್ಲ. ಆ ಕಾಲದ ನಾಲ್ಕು ಗೇರಿನ ಆಟೊಮ್ಯಾಟಿಕ್ ಯಾರದ್ದಾದರೂ ಕತೆ ಹೆಚ್ಚುಕಮ್ಮಿ ಇದೇ.

ಎ.ಸಿ., ಸೀಟು, ಸಸ್ಪೆನ್ಶನ್ ಬಗ್ಗೆ ದೂರಿಲ್ಲ. ಮೈಲೇಜ್ ಘಟ್ಟದಲ್ಲಿ ಹತ್ತು, ಕುಮಟಾ–ಅಂಕೋಲಾ ಹೆದ್ದಾರಿಯಲ್ಲಿ ಹದಿಮೂರು. ಮಾರಿಕಾಂಬಾ ಜಾತ್ರೆ ಹೊತ್ತಿಗೆ ಶಿರಸಿ ಪೇಟೆಯಲ್ಲಿ ಅಂಗುಲಂಗುಲ ಸರಿಯುವಾಗ ಎಡಗಾಲಿಗೆ ಕೆಲಸವಿಲ್ಲದೆ ಕೂತಿರುವ ಸುಖಕ್ಕೆ ಆ ಮೈಲೇಜನ್ನು ಮಾಫಿ ಮಾಡಬಹುದು.

ಬರೆಯಬೇಕಾದದ್ದು ಗೇರ್‌ಬಾಕ್ಸ್ ಬಗ್ಗೆ.

2021ರ ಮಳೆಗಾಲ. ಕುಮಟಾದಿಂದ ಶಿರಸಿಗೆ ವಾಪಸ್ ಬರುತ್ತ ದೇವಿಮನೆ ಘಟ್ಟ ಹತ್ತುತ್ತಿದ್ದೆ. ಒಂದು ತಿರುವಿನಲ್ಲಿ ನಿಂತು ಮತ್ತೆ ಹೊರಟರೆ ಗಾಡಿ ಏಳುವುದೇ ಇಲ್ಲ. ಕೆಸರಿನಲ್ಲಿ ಸಿಕ್ಕ ಎತ್ತಿನ ಹಾಗೆ ಗುರುಗುಡುತ್ತದೆ, ಒಂದನೇ ಗೇರ್ ಬೀಳುವುದಿಲ್ಲ, ಓವರ್‌ಡ್ರೈವ್ (ನಾಲ್ಕನೇ ಗೇರ್) ದೀಪ ಮಿಣಮಿಣ ಅನ್ನುತ್ತಿದೆ. ಬದಿಗೆ ನಿಲ್ಲಿಸಿ ಕೀ ತೆಗೆದು ಮತ್ತೆ ಹಾಕಿದೆ. ಏನೂ ಆಗದ ಹಾಗೆ ಹೊರಟಿತು. ಹತ್ತು ನಿಮಿಷದ ಮೇಲೆ ಮತ್ತೆ ಅದೇ ರಾಗ.

ದೊಡ್ಡ ಊರಿನ ದೊಡ್ಡ ಸರ್ವಿಸ್ ಸೆಂಟರಿಗೆ ಒಯ್ದೆ. ಒಂದು ಸುತ್ತು ಓಡಿಸಿ ಬಂದವರೇ, "ಗೇರ್‌ಬಾಕ್ಸ್ ಹೋಗಿದೆ ಸರ್, ಅಸೆಂಬ್ಲಿ ಬದಲಿಸಬೇಕು" ಎಂದು 1,35,000 ರೂಪಾಯಿಯ ಅಂದಾಜು ಪಟ್ಟಿ ಕೈಗಿಟ್ಟರು. ಗಾಡಿಯ ಬೆಲೆಯೇ ಅಷ್ಟಾಗುತ್ತಿರಲಿಲ್ಲ. ಅವರು ಆಯಿಲ್ ಕಡ್ಡಿಯನ್ನೂ ಎಳೆದು ನೋಡಿರಲಿಲ್ಲ ಎನ್ನುವುದು ನನಗೆ ಹೊಳೆದದ್ದು ಆಮೇಲೆ.

ಕುಮಟಾದಲ್ಲಿ ಪರಿಚಯದ ಮೆಕ್ಯಾನಿಕ್ ಹುಡುಗನೊಬ್ಬನಿದ್ದಾನೆ. ಪಟ್ಟಿ ತೋರಿಸಿದೆ. ನಕ್ಕ. "ಬಿಚ್ಚುದ್ ಬ್ಯಾಡ ಭಟ್ರೆ, ಮೊದ್ಲು ಆಯಿಲ್ ನೋಡ್ವ."

ನೋಡುವುದಕ್ಕೂ ಒಂದು ಕ್ರಮವಿದೆ, ನನಗೆ ಗೊತ್ತಿರಲಿಲ್ಲ. ಎಂಜಿನ್ ಆಯಿಲ್ ಆದರೆ ಎಂಜಿನ್ ಬಂದ್ ಮಾಡಿ ನೋಡುತ್ತೇವೆ. ನಮ್ಮ ಗೇರ್‌ಬಾಕ್ಸಿನದು ತದ್ವಿರುದ್ಧ: ಹತ್ತಿಪ್ಪತ್ತು ಕಿಲೋಮೀಟರ್ ಓಡಿ ಬಿಸಿಯಾಗಿರಬೇಕು, ಸಮತಟ್ಟು ನೆಲ ಬೇಕು, ಎಂಜಿನ್ ಚಾಲೂ ಇರಬೇಕು. ಬ್ರೇಕ್ ಒತ್ತಿ ಹಿಡಿದು ಗೇರ್ ಲಿವರನ್ನು ಪಿ (ಪಾರ್ಕಿಂಗ್) ಇಂದ ಎಲ್ (ಲೋ) ತನಕ ಒಮ್ಮೆ ಆಡಿಸಿ, ಮತ್ತೆ ಪಿಗೆ ತಂದು ಕಡ್ಡಿ ಎಳೆಯಬೇಕು. ಹೊಸ ಆಯಿಲ್ ನಮ್ಮ ಮುರುಗಲು ಪಾನಕದ ಕೆಂಪು. ಕಡ್ಡಿಯಲ್ಲಿ ಬಂದದ್ದು ಜೋನಿಬೆಲ್ಲದ ಬಣ್ಣ. ಅವನು ಬೆರಳ ತುದಿಗೆ ಹಚ್ಚಿ ಉಜ್ಜಿದ, ಮೂಸಿದ, ನನ್ನ ಮೂಗಿಗೂ ಹಿಡಿದ. ಹಳತಾಗಿದೆ, ಆದರೆ ಒಗ್ಗರಣೆ ಹೊತ್ತಿದ ಹಾಗಿನ ಸುಟ್ಟ ವಾಸನೆ ಇಲ್ಲ, ಬೆರಳಿಗೆ ಪುಡಿಯೂ ಸಿಗಲಿಲ್ಲ. ಒಳಗಿನ ಕ್ಲಚ್ ಪ್ಲೇಟು ಸುಟ್ಟಿದ್ದರೆ ಇವೆರಡೂ ಇರುತ್ತಿದ್ದವು ಅಂದ.

ಅವನ ಇನ್ನೊಂದು ಮಾತು ನನ್ನ ತಲೆಯಲ್ಲಿ ಕೂತಿದೆ. ಪ್ಲೇಟು ಸವೆದಿದ್ದರೆ ಕೀ ತೆಗೆದು ಹಾಕಿದ ಮಾತ್ರಕ್ಕೆ ಸರಿಹೋಗುತ್ತದೆಯೇ? ಹೀಗೆ ಬಂದು ಹೋಗುವ ತೊಂದರೆ ಹೆಚ್ಚಾಗಿ ವಾಯರಿನದು. ವಾಯರಿನಲ್ಲಿ ದೋಷ ಕಂಡರೆ ಗೇರ್‌ಬಾಕ್ಸಿನ ಕಂಪ್ಯೂಟರು, ಗೇರ್ ಬದಲಿಸಲು ಆಯಿಲಿನ ದಾರಿ ತೆರೆದು ಮುಚ್ಚುವ ಕರೆಂಟಿನ ವಾಲ್ವುಗಳಾದ ಸೊಲೆನಾಯ್ಡ್‌ಗಳಿಗೆ ಕರೆಂಟ್ ಕೊಡುವುದನ್ನೇ ನಿಲ್ಲಿಸುತ್ತದೆ, ಗೇರ್‌ಬಾಕ್ಸ್ ಒಂದೇ ಗೇರಿಗೆ ಬೀಳುತ್ತದೆ. ನಮ್ಮದರಲ್ಲಿ ಅದು ಮೂರನೆಯದು. ಘಟ್ಟ ಹತ್ತದೇ ಇದ್ದದ್ದು ಅದಕ್ಕೇ.

ನಾನು ಏಳುನೂರು ರೂಪಾಯಿಗೆ ತರಿಸಿದ್ದ ಬ್ಲೂಟೂತ್ ಸ್ಕ್ಯಾನರ್ ಪಿ0700 ಎಂಬ ದೋಷದ ಕೋಡನ್ನಷ್ಟೇ ತೋರಿಸಿತ್ತು. ಅದರ ಅರ್ಥ "ಗೇರ್‌ಬಾಕ್ಸ್ ಕಂಪ್ಯೂಟರು ಏನೋ ಹೇಳುತ್ತಿದೆ, ಅದನ್ನೇ ಕೇಳಿ" ಎಂದು, ರೋಗದ ಹೆಸರಲ್ಲ. ಅವನ ಸ್ಕ್ಯಾನರ್ ಇನ್ನೂ ಒಳಗೆ ಹೋಗಿ ಪಿ0758 ಕೊಟ್ಟಿತು: ಶಿಫ್ಟ್ ಸೊಲೆನಾಯ್ಡ್ ಬಿ, ಕರೆಂಟಿನ ದೋಷ. ಇಲ್ಲಿಗೆ ಸೊಲೆನಾಯ್ಡ್ ಬದಲಿಸಿ ಕೈತೊಳೆದುಕೊಳ್ಳುವವರೇ ಜಾಸ್ತಿ. ಇವನು ಮಲ್ಟಿಮೀಟರ್ ತಂದ. ಗೇರ್‌ಬಾಕ್ಸಿನ ಪಿನ್ನಿಗೂ ಬಾಡಿಗೂ ನಡುವೆ ರೆಸಿಸ್ಟನ್ಸ್ 13 ಓಮ್, ಸರಿಯಾಗೇ ಇದೆ. ಡ್ಯಾಶ್‌ಬೋರ್ಡಿನ ಕೆಳಗೆ ಕಂಪ್ಯೂಟರಿನ ಕಡೆಯಿಂದ ಅಳೆದರೆ ಒಮ್ಮೆ 40, ಒಮ್ಮೆ ಸಂಪರ್ಕವೇ ಇಲ್ಲ. ಅಂದರೆ ದೋಷ ನಡುವೆ ಎಲ್ಲೋ.

ಬ್ಯಾಟರಿ ಟ್ರೇ ತೆಗೆದು, ಅದರ ಕೆಳಗಿನ ಕನೆಕ್ಟರ್ ಎಳೆದ. ಪಿನ್ನುಗಳಲ್ಲಿ ಒಂದರ ಮೇಲೆ ಮಾತ್ರ ಹುಳಿ ಹಾಕದೆ ಬಿಟ್ಟ ತಾಮ್ರದ ಚೊಂಬಿನ ಹಾಗೆ ಹಸಿರು ಕಿಲುಬು. ಆರು ವರ್ಷ ಕಾರವಾರದ ಉಪ್ಪುಗಾಳಿ, ಮೇಲಿಂದ ಶಿರಸಿ ಮಳೆ, ಜೊತೆಗೆ ಹರಿದುಹೋದ ರಬ್ಬರ್ ಸೀಲು. ಕಿಲುಬು ತೆಗೆದು, ಪಿನ್ ಬದಲಿಸಿ, ಗ್ರೀಸ್ ಹಚ್ಚಿ, ಸೀಲು ಕೂರಿಸಿದ. ಮಜೂರಿ ಸೇರಿ 850 ರೂಪಾಯಿ. ಆ ದೀಪ ಇವತ್ತಿನವರೆಗೆ ಮಿಣುಗಿಲ್ಲ.

ಆಯಿಲ್ ಬದಲಿಸಿದ್ದು ಆಮೇಲೆ. ಕೆಳಗಿನ ಬೋಲ್ಟ್ ಬಿಚ್ಚಿದರೆ ಅರ್ಧದಷ್ಟೂ ಇಳಿಯುವುದಿಲ್ಲ, ಉಳಿದದ್ದು ಕನ್ವರ್ಟರಿನಲ್ಲೇ ಇರುತ್ತದೆ. ಅದಕ್ಕೇ ಸಾವಿರ ಕಿಲೋಮೀಟರಿಗೊಮ್ಮೆಯಂತೆ ಮೂರು ಸಲ ಇಳಿಸಿ ತುಂಬಿಸಿದೆವು, ಮ್ಯಾನ್ಯುಯಲ್ಲಿನಲ್ಲಿ ಬರೆದ ಗ್ರೇಡನ್ನೇ. ಎಲ್ಲ ಗಾಡಿಗೂ ಆಗುತ್ತದೆ ಎಂದು ಡಬ್ಬಿಯ ಮೇಲೆ ಬರೆದದ್ದನ್ನು ನಾನು ನಂಬುವುದಿಲ್ಲ.

2023ರಲ್ಲಿ ಇನ್ನೊಂದು ಶುರುವಾಯಿತು. ಹೆದ್ದಾರಿಯಲ್ಲಿ ಅರವತ್ತು–ಎಪ್ಪತ್ತರಲ್ಲಿ ಹದವಾಗಿ ಹೋಗುವಾಗ ಸಾಲಾಗಿ ಹಾಕಿದ ಸಣ್ಣ ಹಂಪುಗಳ ಮೇಲೆ ಹೋದ ಹಾಗೆ ಗಡಗಡ. ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗೋ ಗೇರ್‌ಬಾಕ್ಸೋ? ಹಿಂದೆ ವಾಹನ ಇಲ್ಲದಾಗ ಆಕ್ಸಿಲರೇಟರ್ ಹಾಗೇ ಹಿಡಿದು, ಎಡಗಾಲಿನಲ್ಲಿ ಬ್ರೇಕ್ ದೀಪ ಹತ್ತುವಷ್ಟೇ ಪೆಡಲ್ ಮುಟ್ಟಿದೆ. ಗಡಗಡ ತಟ್ಟನೆ ನಿಂತಿತು. ಬ್ರೇಕ್ ಸ್ವಿಚ್ ಒತ್ತಿದೊಡನೆ ಕನ್ವರ್ಟರಿನ ಲಾಕಪ್ ಕ್ಲಚ್ (ಹದವಾಗಿ ಹೋಗುವಾಗ ಎಂಜಿನ್ನನ್ನು ಗೇರ್‌ಬಾಕ್ಸಿಗೆ ನೇರ ಜೋಡಿಸುವುದು) ಬಿಟ್ಟುಕೊಳ್ಳುತ್ತದೆ. ಹಾಗಾಗಿ ದೋಷ ಅಲ್ಲೇ. ಮತ್ತೊಮ್ಮೆ ಆಯಿಲ್ ಬದಲಿಸಿದ ಮೇಲೆ ಮುಕ್ಕಾಲು ಪಾಲು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಆರ್‌ಗೆ (ರಿವರ್ಸ್‌ಗೆ) ಹಾಕಿದಾಗ ಬರುತ್ತಿದ್ದ "ಧಡ್" ಸದ್ದಂತೂ ಗೇರ್‌ಬಾಕ್ಸಿನದೇ ಅಲ್ಲ. ಎಂಜಿನ್ ಮೌಂಟಿನ ರಬ್ಬರ್ ಹರಿದಿತ್ತು.

ಈಗಿನ ಸ್ಥಿತಿ: ಘಟ್ಟ ಹತ್ತಿ ಬಿಸಿಯಾದ ಮೇಲೆ ಎರಡರಿಂದ ಮೂರಕ್ಕೆ ಹೋಗುವಾಗ ಎಂಜಿನ್ ಅರೆಗಳಿಗೆ ಸುಮ್ಮನೆ ರೇಸ್ ಆಗುತ್ತದೆ. ಇದು ಬಂದು ಹೋಗುವ ಜಾತಿಯದಲ್ಲ. ಬಿಸಿಯಾದಾಗಲೆಲ್ಲ ಇರುತ್ತದೆ, ಕಳೆದ ವರ್ಷಕ್ಕಿಂತ ಈ ವರ್ಷ ಒಂದು ಗುಟುಕು ಹೆಚ್ಚು. ಇದು ಒಳಗಿನದ್ದೇ ಇರಬೇಕು. ಹತ್ತುವಾಗ ಓವರ್‌ಡ್ರೈವ್ ಆಫ್, ಇಳಿಯುವಾಗ ಲಿವರ್ 2ರಲ್ಲಿ, ಹೀಗೆ ಓಡಿಸುತ್ತಿದ್ದೇನೆ. ಹದಿನೈದು ವರ್ಷ ತುಂಬಿತೆಂದು ಮೊನ್ನೆ ಆರ್‌ಸಿ ಮತ್ತೆ ಐದು ವರ್ಷಕ್ಕೆ ಮಾಡಿಸಿ ತಂದೆ. ಹೆಂಡತಿ ಆ ಕಾಗದ ಓದಿ, "ಇದಕ್ಕೆ ಐದು ವರ್ಷ ಸಿಕ್ತು, ನಿಮ್ಮ ಮಂಡಿಗೆ ಯಾವಾಗ?" ಅಂದಳು.